‘ವಸಿ ಉಬ್ಸ’ ಅಂದ್ರೆ ಎಷ್ಟು?

ಮಾರ್ಚ್ ತಿಂಗಳು ಬಂತೆಂದರೆ ಮಂಡ್ಯ ಪುಟಕ್ಕೆ ಎರಡು ಫೋಟೊ ಖಾಯಂ. ಒಂದು, ಮದ್ದೂರು ಎಳನೀರು ಮಾರುಕಟ್ಟೆಯ ರಾಶಿ. ಇನ್ನೊಂದು, ವೇಲ್‌ನಲ್ಲಿ ಮುಖ ಮುಚ್ಚಿಕೊಂಡು ಬಸ್ಸಿಗೆ ಕಾಯುತ್ತಿರುವ ಕಾಲೇಜು ಹುಡುಗಿಯರು. ಉಷ್ಣಾಂಶ ಎಷ್ಟು ಡಿಗ್ರಿ, ಕಲ್ಲಂಗಡಿ ಕೆ.ಜಿ.ಗೆ ಎಷ್ಟು, ಕೆಆರ್‌ಎಸ್‌ನಲ್ಲಿ ಎಷ್ಟು ಅಡಿ ನೀರು, ಇವಿಷ್ಟನ್ನು ಕಳಿಸಿದರೆ ಬೇಸಿಗೆಯ ಸುದ್ದಿ ಮುಗಿಯಿತು ಎಂಬುದು ಡೆಸ್ಕಿನವರ ಲೆಕ್ಕ. ಅದೇ ಬೇಸಿಗೆಯ ರಾತ್ರಿ ಮೂರು ಗಂಟೆಗೆ ಎದ್ದು ಕೂತು, ಮಂಚದ ಪಟ್ಟಿ ಹಿಡಿದು ಉಸಿರೆಳೆಯುವವರ ಫೋಟೊ ಯಾರೂ ತೆಗೆಯುವುದಿಲ್ಲ. ಹಾಗಾಗಿ ಅವರು ಸುದ್ದಿಯೂ ಅಲ್ಲ.

ಗೆಜ್ಜಲಗೆರೆಯಿಂದ ಹಿಡಿದು ಆ ಕಡೆ ಮಳವಳ್ಳಿಯವರೆಗೆ ಯಾವ ಊರಿನಲ್ಲಾದರೂ ವಿಚಾರಿಸಿ ನೋಡಿ. ಬೇಸಿಗೆಯಲ್ಲಿ ಉಸಿರು ಕಟ್ಟುವವರು ಸಿಕ್ಕೇ ಸಿಗುತ್ತಾರೆ. ಏನಾಗದೆ ಅಂದರೆ ‘ಏನಿಲ್ಲ ಕಣಣ್ಣ, ವಸಿ ಉಬ್ಸ, ಅಷ್ಟೇಯ’ ಅನ್ನುವ ಉತ್ತರ. ದಮ್ಮು, ಗೂರಲು, ಉಬ್ಬಸ ಎಂದು ಈ ಕಾಯಿಲೆಗೆ ನಮ್ಮಲ್ಲಿ ಹೆಸರುಗಳು ಹಲವು. ಅದರ ಅಳತೆಗೆ ಮಾತ್ರ ಒಂದೇ ಮಾತು, ‘ವಸಿ’. ಹಾಲು ಕರೆಯಲು ಆದರೆ ವಸಿ, ಗದ್ದೆಗೆ ಹೋಗಲು ಆದರೆ ವಸಿ, ಮಗು ಸ್ಕೂಲಿಗೆ ಹೋದರೆ ವಸಿ. ಹಾಸಿಗೆ ಹಿಡಿಯುವ ತನಕ ಎಲ್ಲವೂ ವಸಿಯೇ.

ಸಣ್ಣ ಉಬ್ಬಸಕ್ಕೆ ಪ್ರತಿ ಸಲವೂ ಆಸ್ಪತ್ರೆಗೆ ಓಡಬೇಕಿಲ್ಲ. ಅದನ್ನು ಮನೆಯಲ್ಲೇ ನಿಭಾಯಿಸಬಹುದು, ನಿಭಾಯಿಸಬೇಕು ಕೂಡ. ಆದರೆ ಅದಕ್ಕೆ ಮೂರು ಬೇಕು: ವಸಿ ಎಂದರೆ ಎಷ್ಟು ಎಂಬ ಅಳತೆ, ಸರಿಯಾದ ಔಷಧಿ, ಹೊಗೆಯಿಲ್ಲದ ಗಾಳಿ. ಇವುಗಳಲ್ಲಿ ಮೊದಲನೆಯದು ಮಾತ್ರ ಪೂರ್ತಿ ಮನೆಯವರ ಕೈಯಲ್ಲಿದೆ. ಉಳಿದೆರಡಕ್ಕೆ ಸರ್ಕಾರ, ಪಂಚಾಯಿತಿ, ಅಕ್ಕಪಕ್ಕದ ಜಮೀನಿನವರು, ಎಲ್ಲರೂ ಉತ್ತರ ಕೊಡಬೇಕು. ‘ಮನೆಯಲ್ಲೇ ನೋಡಿಕೊಳ್ಳಿ’ ಎಂಬ ಸಲಹೆಯಲ್ಲಿ ಈ ಎರಡು ಮಾತು ಮರೆತುಹೋಗುತ್ತವೆ ಎಂಬುದೇ ನನ್ನ ತಕರಾರು.

ಥಂಡಿ ರೋಗಕ್ಕೂ ಬಿಸಿಲಿಗೂ ಏನು ಸಂಬಂಧ?

ಆಸ್ತಮಾ ಎಂದರೆ ಥಂಡಿ ಕಾಯಿಲೆ, ಮಾಗಿ ಚಳಿಯಲ್ಲಿ ಬರುವುದು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಅದಕ್ಕೇ ಬೇಸಿಗೆ ಬರುತ್ತಿದ್ದಂತೆ ಔಷಧಿ ನಿಲ್ಲಿಸಿಬಿಡುವವರಿದ್ದಾರೆ. ಆಸ್ತಮಾದಲ್ಲಿ ಆಗುವುದು ಇಷ್ಟು: ಉಸಿರ್ನಾಳಗಳ ಒಳಪದರ ಊದಿಕೊಂಡು ಸದಾ ಸೂಕ್ಷ್ಮವಾಗಿರುತ್ತದೆ. ಕೆಣಕುವ ವಸ್ತು ತಾಗಿದೊಡನೆ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಲೋಳೆ ಕಟ್ಟುತ್ತದೆ, ದಾರಿ ಕಿರಿದಾಗುತ್ತದೆ. ಕೆಣಕುವುದು ಚಳಿಯೇ ಆಗಬೇಕೆಂದಿಲ್ಲ.

ಅಮೆರಿಕದ ಕೆಂಟಕಿಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗದಲ್ಲಿ, ಸೌಮ್ಯ ಆಸ್ತಮಾ ಇದ್ದವರಿಗೆ ಕೆಲವೇ ನಿಮಿಷ ಬಿಸಿಯಾದ ತೇವಗಾಳಿ ಉಸಿರಾಡಿಸಿದಾಗ ಉಸಿರ್ನಾಳ ಬಿಗಿಯಿತು, ಕೆಮ್ಮು ಬಂತು. ಆರೋಗ್ಯವಂತರಿಗೆ ಹಾಗಾಗಲಿಲ್ಲ. ಬಿಸಿಲು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ವಾಹನಗಳ ಹೊಗೆಯ ಮೇಲೆ ಚುರುಕು ಬಿಸಿಲು ಬಿದ್ದಾಗ ನೆಲಮಟ್ಟದ ಗಾಳಿಯಲ್ಲಿ ಓಝೋನ್ ಹುಟ್ಟುತ್ತದೆ. ಮೇಲೆ ಆಕಾಶದಲ್ಲಿ ನಮ್ಮನ್ನು ಕಾಯುವ ಓಝೋನ್, ಮೂಗಿನ ಮಟ್ಟದಲ್ಲಿ ಎದೆ ಉರಿಸುತ್ತದೆ. ಗೆಜ್ಜಲಗೆರೆ ಕೂತಿರುವುದು ಬೆಂಗಳೂರು–ಮೈಸೂರು ಹೆದ್ದಾರಿಯ ಮಗ್ಗುಲಲ್ಲಿ. 2023ರ ಮಾರ್ಚ್ 12ರಂದು ಆ ದಶಪಥ ಹೆದ್ದಾರಿಯ ಉದ್ಘಾಟನೆಯ ದೊಡ್ಡ ಸಭೆ ನಡೆದದ್ದೂ ಇಲ್ಲೇ. ರಸ್ತೆಯ ಟೋಲ್, ಅಪಘಾತ, ಸರ್ವಿಸ್ ರಸ್ತೆಯ ಬಗ್ಗೆ ಆಮೇಲೆ ರಾಶಿ ಸುದ್ದಿ ಬಂತು. ಪಕ್ಕದ ಮನೆಗಳ ಕಿಟಕಿಯೊಳಗೆ ಏನು ಬರುತ್ತಿದೆ ಎಂಬುದು ಅಷ್ಟಾಗಿ ಬರಲಿಲ್ಲ.

ನಮ್ಮ ಬೇಸಿಗೆಗೆ ಅದರದ್ದೇ ಆದ ಇತರ ಕೆಣಕುಗಳೂ ಇವೆ. ಯುಗಾದಿಗೆ ಮುಂಚೆ ಅಟ್ಟ ಇಳಿಸಿ ಧೂಳು ಹೊಡೆಯುವುದು, ಗೋಡೆಗೆ ಸುಣ್ಣ ಬಣ್ಣ ಬಳಿಯುವುದು. ಹಬ್ಬದ ಕೊಂಡಕ್ಕೆ ಉರಿಸುವ ಸೌದೆ. ಒಣಹುಲ್ಲಿನ ಮೆದೆಯಿಂದ ಹುಲ್ಲು ಹಿರಿಯುವಾಗ ಏಳುವ ಪುಡಿ. ಆಮೇಲೆ ಅಶ್ವಿನಿ, ಭರಣಿ ಮಳೆಗೆ ಮುಂಚೆ ಎದ್ದು ಬರುವ ಧೂಳುಗಾಳಿ. ಮಳೆ ಬಿದ್ದರೆ ಎದೆ ತಣ್ಣಗಾಗುತ್ತದೆ ಎಂದುಕೊಳ್ಳುತ್ತೇವೆ. ಆದರೆ ಗುಡುಗು ಮಳೆಯ ಗಾಳಿ ಹೂವಿನ ಪರಾಗವನ್ನು ಸಣ್ಣ ಚೂರುಗಳಾಗಿ ಒಡೆದು ಶ್ವಾಸಕೋಶದ ಆಳಕ್ಕೆ ತಲುಪಿಸಬಲ್ಲದು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 2016ರ ನವೆಂಬರ್ 21ರ ಸಂಜೆ ಇಂಥ ಒಂದು ಗುಡುಗು ಮಳೆಗೆ ಸಾವಿರಾರು ಜನ ಆಸ್ಪತ್ರೆಗೆ ಓಡಿದರು, 10 ಜನ ಸತ್ತರು. ನಮ್ಮಲ್ಲಿ ಅಂಥದ್ದು ಆಗಿದೆ ಎಂದು ಹೇಳುತ್ತಿಲ್ಲ. ಮುಂಗಾರು ಪೂರ್ವ ಮಳೆಯ ಸಂಜೆ ಉಬ್ಬಸ ಏರಿದರೆ ‘ಮಳೆಲಿ ನೆನೆದಿದ್ದಕ್ಕೆ’ ಎಂದು ಮಗುವಿಗೆ ಬೈಯುವ ಮುಂಚೆ ಇದು ನೆನಪಿರಲಿ ಅಷ್ಟೇ.

ಅಳತೆ ಇರಲಿ

‘ವಸಿ’ ಎಂಬ ಮಾತಿನ ಅಪಾಯ ಬರೀ ನಮ್ಮೂರಿನದ್ದಲ್ಲ. ಆಸ್ತಮಾ ಚಿಕಿತ್ಸೆಗೆ ಜಗತ್ತಿನಾದ್ಯಂತ ವೈದ್ಯರು ನೋಡುವ ಮಾರ್ಗಸೂಚಿ ‘ಜಿನಾ’ ಎಂಬ ಸಂಸ್ಥೆಯದ್ದು. ಅದು ಮತ್ತೆ ಮತ್ತೆ ಎತ್ತಿ ಹೇಳುವ ಒಂದು ಅಂಕಿ ಇದೆ. ಆಸ್ತಮಾದಿಂದ ಸತ್ತ ವಯಸ್ಕರಲ್ಲಿ ಶೇ 15ರಿಂದ 27ರಷ್ಟು ಜನರಿಗೆ, ಅದಕ್ಕೆ ಹಿಂದಿನ ಮೂರು ತಿಂಗಳಲ್ಲಿ ವಾರಕ್ಕೊಮ್ಮೆಯೂ ತೊಂದರೆ ಕಾಣಿಸಿಕೊಂಡಿರಲಿಲ್ಲ. ಅಂದರೆ ಅವರದ್ದೂ ‘ವಸಿ’ಯೇ. ಗ್ಲೋಬಲ್ ಬರ್ಡನ್ ಆಫ್ ಡಿಸೀಸ್ ಅಧ್ಯಯನದ 2019ರ ಲೆಕ್ಕದಂತೆ ಭಾರತದಲ್ಲಿ ಆಸ್ತಮಾ ಇರುವವರು ಸುಮಾರು 3.4 ಕೋಟಿ. ಜಗತ್ತಿನ ಆಸ್ತಮಾ ರೋಗಿಗಳಲ್ಲಿ ನಮ್ಮ ಪಾಲು ಶೇ 13ರ ಆಸುಪಾಸು, ಆಸ್ತಮಾ ಸಾವಿನಲ್ಲಿ ನಮ್ಮ ಪಾಲು ಶೇ 40ಕ್ಕೂ ಹೆಚ್ಚು. ಕಾಯಿಲೆ ಎಲ್ಲ ಕಡೆಯೂ ಇದೆ, ಸಾಯುವವರು ಮಾತ್ರ ನಮ್ಮವರು ಜಾಸ್ತಿ.

ಹಾಗಾದರೆ ಮನೆಯಲ್ಲಿ ಅಳೆಯುವುದು ಹೇಗೆ? ಮೊದಲ ಅಳತೆಗೋಲು ಮಾತು. ಕೂತವರ ಹತ್ತಿರ ‘ಗೆಜ್ಜಲಗೆರೆ ಗ್ರಾಮ, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ’ ಎಂದು ಹೇಳಿಸಿ. ತಡೆಯಿಲ್ಲದೆ ಪೂರ್ತಿ ಹೇಳಿದರೆ, ನಡೆದಾಡಲು ಆಗುತ್ತಿದ್ದರೆ, ಅದು ಸದ್ಯಕ್ಕೆ ಮನೆಯಲ್ಲಿ ನೋಡಿಕೊಳ್ಳುವಷ್ಟರ ಉಬ್ಬಸ. ‘ಗೆಜ್ಜಲಗೆರೆ’ ಅಂದು ಉಸಿರೆಳೆದು, ‘ಮದ್ದೂರು’ ಅಂದು ಉಸಿರೆಳೆದರೆ ಅದು ವಸಿ ಅಲ್ಲ. ಸಣ್ಣ ಮಕ್ಕಳಿಗಾದರೆ, ಆಟ ಆಡುತ್ತಿದೆಯೇ, ಹಾಲು ಕುಡಿಯುತ್ತಿದೆಯೇ, ಅಳುವಿನ ದನಿ ಪೂರ್ತಿ ಬರುತ್ತಿದೆಯೇ ನೋಡಿ.

ಅಪಾಯದ ಗುರುತುಗಳನ್ನು ಗೋಡೆ ಕ್ಯಾಲೆಂಡರಿನ ಹಿಂದೆ ಬರೆದಿಟ್ಟರೂ ತಪ್ಪಿಲ್ಲ. ಮಾತು ತುಂಡಾಗುವುದು, ಪಕ್ಕೆಲುಬಿನ ನಡುವೆ ಅಥವಾ ಗಂಟಲ ಗುಳಿಯಲ್ಲಿ ಚರ್ಮ ಒಳಕ್ಕೆ ಸೆಳೆಯುವುದು, ತುಟಿ, ಉಗುರು ನೀಲಿಯಾಗುವುದು, ಮಂಪರು. ಇನ್ನೊಂದನ್ನು ಜನ ತಪ್ಪಾಗಿ ಓದುತ್ತಾರೆ. ಇಷ್ಟು ಹೊತ್ತು ಕುಂಯ್ ಕುಂಯ್ ಎನ್ನುತ್ತಿದ್ದ ಎದೆ ಸದ್ದು ನಿಂತಿತು, ಆದರೆ ಮನುಷ್ಯ ಸುಸ್ತಾಗಿ ತೂಗುತ್ತಿದ್ದಾನೆ ಎಂದರೆ ಕಡಿಮೆಯಾಯಿತು ಎಂದಲ್ಲ. ಸದ್ದು ಮಾಡುವಷ್ಟು ಗಾಳಿಯೂ ಓಡಾಡುತ್ತಿಲ್ಲ ಎಂದು. ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಫೋನ್ ಮಾಡಬೇಕು. ಬೆಳಗಾಗಲಿ, ಮೊದಲ ಬಸ್ ಬರಲಿ ಎಂದು ಕಾಯಬಾರದು. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ ಬಳಸಿ, 94ಕ್ಕಿಂತ ಕೆಳಗಿದ್ದರೆ ಹೊರಡಿ. ಆದರೆ ಅದು 97 ತೋರಿಸುತ್ತಿದೆ ಎಂದು ಮಾತು ತುಂಡಾಗುತ್ತಿರುವವರನ್ನು ಮಲಗಿಸಿಬಿಡಬೇಡಿ. ಬೆರಳಿನ ಯಂತ್ರಕ್ಕಿಂತ ಮೊದಲು ಕಣ್ಣಿಗೆ ಕಂಡದ್ದನ್ನು ನಂಬಬೇಕು.

ಒಂದು ಎಚ್ಚರಿಕೆ ಮಾತು. ಏದುಸಿರೆಲ್ಲ ಆಸ್ತಮಾ ಅಲ್ಲ. ಐವತ್ತು ದಾಟಿದವರಿಗೆ ಮೊದಲ ಬಾರಿ ಉಬ್ಬಸ ಬಂದರೆ ಹೃದಯದ್ದಿರಬಹುದು. ಬೀಡಿ ಸೇದಿದವರಿಗೆ, ವರ್ಷಗಟ್ಟಲೆ ಸೌದೆ ಒಲೆ ಊದಿದ ಹೆಂಗಸರಿಗೆ ಸಿಒಪಿಡಿ ಇರಬಹುದು. ಡಾಕ್ಟರ್ ಒಮ್ಮೆ ನೋಡಿ ಇದು ಆಸ್ತಮಾ ಎಂದು ಹೇಳಿದ ಮೇಲಷ್ಟೇ ಮುಂದಿನ ಮಾತು ಅನ್ವಯ.

ಮನೆಯಲ್ಲಿ ಮಾಡುವುದು

ಮೊದಲು ಹೊಗೆ, ಧೂಳು, ಬಿಸಿಲಿನಿಂದ ಈಚೆ ಬನ್ನಿ. ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಸುತ್ತ ಜನ ಮುತ್ತಿಕೊಳ್ಳುವುದು ಬೇಡ. ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಕೊಡುವುದು ನೀಲಿ ಬಣ್ಣದ ಸಾಲ್ಬುಟಮಾಲ್ ಇನ್‌ಹೇಲರ್. ಅದನ್ನು ಚೆನ್ನಾಗಿ ಅಲುಗಾಡಿಸಿ, ಸ್ಪೇಸರ್‌ಗೆ ಹಾಕಿ ಒಂದು ಪಫ್ ಒತ್ತಿ, ನಾಲ್ಕು ಉಸಿರು ಎಳೆಯಲಿ. ಹೀಗೆ ಒಂದೊಂದಾಗಿ ನಾಲ್ಕು ಪಫ್. ನಾಲ್ಕು ನಿಮಿಷ ಕಾಯಿರಿ. ಕಡಿಮೆಯಾಗದಿದ್ದರೆ ಮತ್ತೆ ನಾಲ್ಕು. ಆಗಲೂ ಇಳಿಯದಿದ್ದರೆ ಅದು ಮನೆಯ ಕೆಲಸ ಅಲ್ಲ. 108ಕ್ಕೆ ಹೇಳಿ, ಆಂಬುಲೆನ್ಸ್ ಬರುವ ತನಕ ಇದನ್ನೇ ಮುಂದುವರಿಸಿ. ಇಳಿಯಿತು ಎಂದುಕೊಳ್ಳಿ, ಮೂರು ನಾಲ್ಕು ಗಂಟೆಯೊಳಗೆ ಮತ್ತೆ ಬೇಕೆನಿಸಿದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ನಿಮ್ಮ ಡಾಕ್ಟರ್ ಬೇರೆ ಇನ್‌ಹೇಲರ್ ಕೊಟ್ಟು ಬೇರೆ ಕ್ರಮ ಬರೆದುಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಸ್ಪೇಸರ್ ಎಂದರೆ ಇನ್‌ಹೇಲರ್‌ಗೂ ಬಾಯಿಗೂ ನಡುವಿನ ಗಾಳಿಕೊಳವೆ. ಅದಿಲ್ಲದೆ ಒತ್ತಿದರೆ ಔಷಧಿ ಬಹುಪಾಲು ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಕೊಳ್ಳಲು ಆಗದಿದ್ದರೆ ಅದಕ್ಕೂ ದಾರಿ ಇದೆ. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನ ಮಕ್ಕಳ ವೈದ್ಯೆ ಹೆದರ್ ಝಾರ್ ಮತ್ತು ಸಂಗಡಿಗರು ಅರ್ಧ ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನೇ ಸ್ಪೇಸರ್ ಮಾಡಿ ಮಕ್ಕಳಲ್ಲಿ ಪರೀಕ್ಷಿಸಿದರು. ಅಂಗಡಿಯ ಸ್ಪೇಸರ್‌ನಷ್ಟೇ ಚೆನ್ನಾಗಿ ಕೆಲಸ ಮಾಡಿತು. 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಬಾಟಲಿಯ ತಳಕ್ಕೆ ಇನ್‌ಹೇಲರ್ ಬಾಯಿ ಬಿಗಿಯಾಗಿ ಕೂರುವಷ್ಟು ತೂತು, ಸಂದಿಯಿಲ್ಲದಂತೆ ಅಂಟು, ಬಾಟಲಿಯ ಬಾಯಿಗೆ ಮಗುವಿನ ಬಾಯಿ. ಸೋಪಿನ ನೀರಿನಲ್ಲಿ ತೊಳೆದು ಒರೆಸದೆ ಹಾಗೇ ಒಣಗಿಸಬೇಕು. ಜಾತ್ರೆ ಮುಗಿದ ಮೇಲೆ ಇಂಥ ಬಾಟಲಿಗಳನ್ನು ನಾವು ರಾಶಿ ಹಾಕಿ ಸುಡುತ್ತೇವೆ. ಒಂದನ್ನು ಎತ್ತಿಟ್ಟುಕೊಂಡರೆ ಒಂದು ಮಗುವಿನ ಉಸಿರಿಗೆ ಬರುತ್ತದೆ.

ಬೇಸಿಗೆಗೆ ಮಾತ್ರ ಸಂಬಂಧಿಸಿದ ಇನ್ನೊಂದು ವಿಷಯ. ಇನ್‌ಹೇಲರ್ ಒತ್ತಡ ತುಂಬಿದ ಡಬ್ಬಿ. 30 ಡಿಗ್ರಿಯೊಳಗಿನ ಜಾಗದಲ್ಲಿಡಬೇಕು, 50 ಡಿಗ್ರಿ ದಾಟಿದರೆ ಸಿಡಿಯಲೂಬಹುದು. ಸ್ಕೂಟರ್ ಸೀಟಿನ ಕೆಳಗೆ, ಟ್ರ್ಯಾಕ್ಟರಿನ ಟೂಲ್‌ಬಾಕ್ಸಿನಲ್ಲಿ, ಶೀಟಿನ ಮನೆಯಲ್ಲಿ ಛಾವಣಿಗೆ ಹತ್ತಿರದ ಸಜ್ಜೆಯ ಮೇಲೆ ಇಡಬಾರದು. ಗೋಡೆಯ ಕೆಳಗಿನ ಗೂಡು, ಬಟ್ಟೆಯ ಪೆಟ್ಟಿಗೆ ವಾಸಿ. ಪುಡಿಯ ಕ್ಯಾಪ್ಸೂಲ್ ಹಾಕಿ ಎಳೆಯುವ ರೋಟಾಹೇಲರ್ ಬಳಸುವವರು ಅದನ್ನು ಬಚ್ಚಲಿನ ಪಸೆಯಿಂದ ದೂರವಿಡಬೇಕು. ಆ ಕ್ಯಾಪ್ಸೂಲ್ ನುಂಗುವುದಕ್ಕಲ್ಲ. ನುಂಗುವವರಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಇನ್‌ಹೇಲರ್ ಮೇಲಿನ ಗುಮಾನಿ

‘ಅದು ಹಿಡಿಸಿಕೊಂಡ್ರೆ ಬಿಡಕ್ಕಾಗಲ್ಲ’ ಎಂಬುದು ನಮ್ಮ ಕಡೆಯ ಮೊದಲ ಆಕ್ಷೇಪ. ‘ಅದು ಭಾರಿ ಪವರ್, ಮಾತ್ರೆ ವಾಸಿ’ ಎಂಬುದು ಎರಡನೆಯದು. ಎರಡನೆಯದಕ್ಕೆ ಲೆಕ್ಕದಲ್ಲೇ ಉತ್ತರವಿದೆ. ಒಂದು ಪಫ್‌ನಲ್ಲಿ ಇರುವ ಸಾಲ್ಬುಟಮಾಲ್ 100 ಮೈಕ್ರೊಗ್ರಾಂ. ಅದೇ ಔಷಧಿಯ ಒಂದು ಮಾತ್ರೆ 4 ಮಿಲಿಗ್ರಾಂ, ಅಂದರೆ 4,000 ಮೈಕ್ರೊಗ್ರಾಂ. ಒಂದು ಮಾತ್ರೆ ನಲವತ್ತು ಪಫ್‌ಗೆ ಸಮ. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಕೊನೆಗೆ ಎದೆಗೆ ಬರುತ್ತದೆ. ಅಷ್ಟರಲ್ಲಿ ಕೈ ನಡುಗಿ ಎದೆ ಡವಗುಟ್ಟಿರುತ್ತದೆ. ಪಫ್ ನೇರ ಬೇಕಾದ ಜಾಗಕ್ಕೇ ಹೋಗುತ್ತದೆ. ಡೆರಿಫಿಲಿನ್ ಇಂಜೆಕ್ಷನ್ ಹಾಕಿಸಿಕೊಂಡು ಬಂದರೆ ‘ಟ್ರೀಟ್‌ಮೆಂಟ್ ಆಯ್ತು’ ಎನಿಸುತ್ತದೆ, ನಿಜ. ಆದರೆ ಆ ಜಾತಿಯ ಔಷಧಿಯಲ್ಲಿ ಗುಣ ಮಾಡುವ ಪ್ರಮಾಣಕ್ಕೂ ಕೆಡುಕು ಮಾಡುವ ಪ್ರಮಾಣಕ್ಕೂ ನಡುವೆ ಅಂತರ ಕಡಿಮೆ.

ಮೊದಲ ಆಕ್ಷೇಪ ಅಷ್ಟು ಸುಲಭದ್ದಲ್ಲ, ಯಾಕೆಂದರೆ ಜನ ಕಂಡದ್ದರಲ್ಲಿ ಸತ್ಯವಿದೆ. ನೀಲಿ ಇನ್‌ಹೇಲರ್ ಒಂದನ್ನೇ ನೆಚ್ಚಿಕೊಂಡವರಿಗೆ ಅದು ದಿನದಿನಕ್ಕೆ ಜಾಸ್ತಿ ಬೇಕಾಗುತ್ತಾ ಹೋಗುತ್ತದೆ. ಅದು ಚಟವಲ್ಲ. ಒಳಗಿನ ಊತ ಹಾಗೇ ಇದೆ ಎಂಬುದರ ಗುರುತು. ನೀಲಿಯದು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ ಅಷ್ಟೇ, ಊತಕ್ಕೆ ಏನನ್ನೂ ಮಾಡುವುದಿಲ್ಲ. ಊತ ಇಳಿಸಲು ಎದೆಗೆ ಎಳೆದುಕೊಳ್ಳುವ ಸಣ್ಣ ಪ್ರಮಾಣದ ಸ್ಟಿರಾಯ್ಡ್ ಬೇಕು. 2019ರಲ್ಲಿ ಜಿನಾ ತನ್ನ ಹಳೆಯ ಸಲಹೆಯನ್ನೇ ಬದಲಿಸಿತು. ಹದಿಹರೆಯದವರಿಗೆ, ದೊಡ್ಡವರಿಗೆ, ಆಸ್ತಮಾ ಎಷ್ಟೇ ಸಣ್ಣದಿರಲಿ, ನೀಲಿ ಇನ್‌ಹೇಲರ್ ಒಂದನ್ನೇ ಕೊಟ್ಟು ಕಳಿಸಬಾರದು, ಸ್ಟಿರಾಯ್ಡ್ ಇರುವ ಇನ್‌ಹೇಲರ್ ಜೊತೆಗಿರಲೇಬೇಕು ಎಂದಿತು. 200 ಪಫ್‌ನ ನೀಲಿ ಡಬ್ಬಿ ವರ್ಷಕ್ಕೆ ಮೂರು ಅಥವಾ ಹೆಚ್ಚು ಖಾಲಿಯಾದರೆ ಜೋರು ದಾಳಿಯ ಅಪಾಯ ಏರುತ್ತದೆ, ಹನ್ನೆರಡಾದರೆ ಸಾವಿನ ಅಪಾಯವೇ ಏರುತ್ತದೆ ಎಂದೂ ಎಚ್ಚರಿಸಿತು. ಸ್ಟಿರಾಯ್ಡ್ ಎಂಬ ಹೆಸರಿಗೆ ಹೆದರಬೇಕಿಲ್ಲ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಸಾಕು. ಹೆದರಬೇಕಾದ್ದು ಏನು ಬೆರೆಸಿದ್ದಾರೆಂದು ಗೊತ್ತಿಲ್ಲದ, ಹೆಸರಿಲ್ಲದ ಪೊಟ್ಟಣದ ಪುಡಿಗಳಿಗೆ.

ಮೃಗಶಿರಾ ಹೊತ್ತಿಗೆ ಹೈದರಾಬಾದಿನ ಮೀನು ಪ್ರಸಾದಕ್ಕೆ ರೈಲು ಹತ್ತುವವರು ನಮ್ಮ ರಾಜ್ಯದಲ್ಲೂ ಇದ್ದಾರೆ. ಅವರ ನಂಬಿಕೆಯನ್ನು ಗೇಲಿ ಮಾಡುವುದು ನನಗೆ ಇಷ್ಟವಿಲ್ಲ. ವರ್ಷಕ್ಕೊಮ್ಮೆ ಅಷ್ಟು ದೂರ ಹೋಗುವ ಮನುಷ್ಯ ಕಾಯಿಲೆಯನ್ನು ‘ವಸಿ’ ಎಂದುಕೊಂಡಿಲ್ಲ ಎಂಬುದಂತೂ ಖಂಡಿತ. ಹೋಗುವವರು ಹೋಗಲಿ, ಇನ್‌ಹೇಲರ್ ನಿಲ್ಲಿಸಿ ಹೋಗಬಾರದು ಅಷ್ಟೇ.

ಎಳನೀರು ಕುಡಿಯಲಿ ಬಿಡಿ

ಪಥ್ಯದ ಮಾತಿಗೆ ಬಂದರೆ ನಮ್ಮಲ್ಲಿ ಉಬ್ಬಸದವರಷ್ಟು ಕಷ್ಟ ಪಡುವವರು ಬೇರೆ ಇಲ್ಲ. ಮಜ್ಜಿಗೆ ಬೇಡ, ಬಾಳೆಹಣ್ಣು ಬೇಡ, ಎಳನೀರು ಥಂಡಿ. ಮದ್ದೂರಿನಿಂದ ಲಾರಿಗಟ್ಟಲೆ ಎಳನೀರು ದೇಶದ ನಾನಾ ಕಡೆ ಹೋಗುತ್ತದೆ. ಇಲ್ಲಿನ ಉಬ್ಬಸದ ಮಗು ಏಪ್ರಿಲ್ ಬಿಸಿಲಿನಲ್ಲಿ ಬಿಸಿನೀರು ಕುಡಿದುಕೊಂಡು ಕೂತಿರುತ್ತದೆ. ಯಾವುದಾದರೂ ತಿನಿಸು ತಿಂದಾಗಲೆಲ್ಲ ಉಬ್ಬಸ ಬರುವುದು ಪಕ್ಕಾ ಗೊತ್ತಿದ್ದರೆ ಅದನ್ನು ಬಿಡಬೇಕು. ಉಳಿದಂತೆ ಬಿಸಿಲಿನಲ್ಲಿ ಮೈಗೆ ನೀರು ಸಾಲದೆ ಹೋಗುವುದೇ ಹೆಚ್ಚಿನ ಕೆಡುಕು. ಇನ್ನೊಂದು ಕಡೆ, ಬಿಸಿಲ ತಲೆನೋವಿಗೆ ಅಂಗಡಿಯಿಂದ ತಂದು ನುಂಗುವ ಆಸ್ಪಿರಿನ್, ಬ್ರೂಫೆನ್ ಜಾತಿಯ ಮಾತ್ರೆಗಳು ಕೆಲವು ಆಸ್ತಮಾ ರೋಗಿಗಳಿಗೆ ಉಬ್ಬಸ ತರಿಸುತ್ತವೆ. ಪಥ್ಯದ ಪಟ್ಟಿಯಲ್ಲಿ ಅವು ಇರುವುದೇ ಇಲ್ಲ.

ಕುದಿಯುವ ನೀರಿನ ಹಬೆ ಹಿಡಿಯುವುದು ಕಟ್ಟಿದ ಮೂಗಿಗೆ ಸುಖ ಕೊಡಬಹುದು, ಬಿಗಿದ ಉಸಿರ್ನಾಳ ತೆರೆಯುವುದಿಲ್ಲ. ಏದುತ್ತಿರುವ ಮಗುವಿನ ಮುಂದೆ ಕುದಿನೀರಿನ ಪಾತ್ರೆ ಇಡುವುದು ಸುಟ್ಟುಕೊಳ್ಳುವುದಕ್ಕೆ ದಾರಿ. ಇನ್ನು ರಾತ್ರಿಯ ಸೊಳ್ಳೆ. ನಾಲೆ ಬಯಲಿನಲ್ಲಿ ಸೊಳ್ಳೆ ಇಲ್ಲದ ಮನೆ ಎಲ್ಲಿದೆ? ಕಿಟಕಿ ಮುಚ್ಚಿ, ಕಾಯಿಲ್ ಹಚ್ಚಿ ಮಲಗುತ್ತೇವೆ. ಒಂದು ಕಾಯಿಲ್ ಪೂರ್ತಿ ಉರಿದರೆ ಹೊರಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿನ ಹೊಗೆಯಷ್ಟು ಎಂದು 2003ರಲ್ಲೇ ಒಂದು ಅಧ್ಯಯನ ಅಳೆದಿಟ್ಟಿದೆ. ಸಿಗರೇಟ್ ಮುಟ್ಟದ ಮನೆಯ ಮಕ್ಕಳು ರಾತ್ರಿಯೆಲ್ಲ ಎಳೆಯುವುದು ಅದನ್ನೇ. ಸೊಳ್ಳೆಪರದೆ ಹಳೆಯದು ಎನಿಸಬಹುದು, ಉಬ್ಬಸದ ಮನೆಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಪೊರಕೆಯ ಬದಲು ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವುದು, ಫ್ಯಾನಿನ ರೆಕ್ಕೆ ಒರೆಸಿ ಹಾಕುವುದು, ದೇವರ ಮುಂದಿನ ಊದುಬತ್ತಿಯನ್ನು ಬಿಟ್ಟು ದೀಪವಷ್ಟೇ ಹಚ್ಚುವುದು, ಇವೂ ಆಗುವ ಕೆಲಸಗಳೇ.

ಬೇಲಿಯಾಚೆಯ ಹೊಗೆ

ಇಷ್ಟನ್ನೆಲ್ಲ ಮಾಡಿದ ಮನೆಯ ಕಿಟಕಿಯಿಂದಾಚೆ ಏನಿದೆ ನೋಡಿ. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ. ಆಲೆಮನೆಯ ಚಿಮಣಿ. ಬೀದಿ ಕೊನೆಯಲ್ಲಿ ಉರಿಯುವ ಕಸದ ಗುಡ್ಡೆ. ಅಡುಗೆಗೆ ಗ್ಯಾಸ್ ಬಂದರೂ ಹಂಡೆ ಒಲೆಗೆ ತೆಂಗಿನ ಮಟ್ಟೆ, ಗರಿ, ಜೊತೆಗೆ ಕೈಗೆ ಸಿಕ್ಕ ಪ್ಲಾಸ್ಟಿಕ್ ಕವರ್. ಆಸ್ತಮಾ ಸಾಮಾನ್ಯವಾಗಿ ಬೆಳಗಿನ ಜಾವಕ್ಕೆ ಜೋರಾಗುತ್ತದೆ. ಅದೇ ಹೊತ್ತಿಗೆ ಹೆಣ್ಣುಮಕ್ಕಳು ಎದ್ದು ಹಂಡೆ ಉರಿ ಹಾಕಿ, ಕೊಟ್ಟಿಗೆ ಬಾಚಿ, ಒಣಹುಲ್ಲು ಎಳೆದು ಹಾಕಿ, ಹಾಲು ಕರೆದು ಡೇರಿಗೆ ಹೊರಡಬೇಕು. ಮನ್‌ಮುಲ್‌ನ ದೊಡ್ಡ ಡೇರಿ ಗೆಜ್ಜಲಗೆರೆಯಲ್ಲೇ ಇದೆ. ನಾವು ಕುಡಿಯುವ ನಂದಿನಿ ಹಾಲಿನ ಹಿಂದೆ ಎಷ್ಟು ಹೆಂಗಸರ ಬೆಳಗಿನ ಜಾವದ ಕೆಮ್ಮು ಇದೆ ಎಂದು ಯಾರೂ ಎಣಿಸಿಲ್ಲ.

ಮಾತೆತ್ತಿದರೆ ರೈತರನ್ನು ಬೈಯುವುದು ಸುಲಭ. ತರಗು ಸುಡುವವನಿಗೂ ಕಷ್ಟವಿದೆ. ಆಳು ಸಿಗುವುದಿಲ್ಲ, ಕೂಳೆಗೆ ನೀರು ಕಟ್ಟುವ ಸರದಿ ಬಂದುಬಿಟ್ಟಿರುತ್ತದೆ, ಒಂದು ಬೆಂಕಿಕಡ್ಡಿಯಲ್ಲಿ ಕೆಲಸ ಮುಗಿಯುತ್ತದೆ. ಆದರೆ ಅದೇ ತರಗನ್ನು ಸಾಲಿನ ನಡುವೆ ಹೊದಿಸಿದರೆ ತೇವ ನಿಲ್ಲುತ್ತದೆ, ಕಳೆ ತಗ್ಗುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ತರಗು ಪುಡಿ ಮಾಡುವ ಯಂತ್ರ ಬಾಡಿಗೆಗೆ ಊರಲ್ಲೇ ಸಿಕ್ಕರೆ ಬೆಂಕಿಕಡ್ಡಿಗೆ ಪೈಪೋಟಿ ಬರುತ್ತದೆ. ಬರೀ ಉಪದೇಶದಿಂದ ಬರುವುದಿಲ್ಲ. ಆಲೆಮನೆಯಲ್ಲಿ ಒಣಗಿದ ಸಿಪ್ಪೆ ಉರಿಸುವುದು ಒಂದು, ಟೈರು ಉರಿಸುವುದು ಇನ್ನೊಂದು. ಮೊದಲನೆಯದು ಹಳೆಯ ಕಸುಬು, ಎರಡನೆಯದು ಅಪರಾಧ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇದೆಲ್ಲ ಪಟ್ಟಣದ ಸಮಸ್ಯೆ ಎಂದುಕೊಳ್ಳುವವರಿಗೆ ಒಂದು ಹಳೆಯ ಲೆಕ್ಕ ನೆನಪಿಸುತ್ತೇನೆ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಎರಡು ದಶಕ ಗಮನಿಸಿದರು. 1979ರಲ್ಲಿ ಅವರಲ್ಲಿ ಆಸ್ತಮಾ ಇದ್ದವರು ಶೇ 9. 1999ರ ಹೊತ್ತಿಗೆ ಶೇ 29.5. ಆ ಇಪ್ಪತ್ತು ವರ್ಷದಲ್ಲಿ ಬೆಂಗಳೂರಿಗೆ ಬಂದದ್ದು ವಾಹನ, ಕೈಗಾರಿಕೆ, ಜನ. ಈಗ ಅವೇ ಹೆದ್ದಾರಿ ಹಿಡಿದು ನಮ್ಮ ಕಡೆ ಬರುತ್ತಿವೆ. ಬೆಂಗಳೂರಿನಲ್ಲಿ ಒಬ್ಬ ವೈದ್ಯರಾದರೂ ಎಣಿಸುತ್ತಾ ಕೂತಿದ್ದರು. ನಮ್ಮಲ್ಲಿ ಹಾಗೆ ಎಣಿಸುವವರು ಬೇಕು.

ಕೇಳಬೇಕಾದ ಪ್ರಶ್ನೆ

ಕೇಂದ್ರ ಸರ್ಕಾರದ 2022ರ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿ ಸಾಲ್ಬುಟಮಾಲ್ ಇದೆ, ಬುಡೆಸೊನೈಡ್ ಇದೆ, ಬುಡೆಸೊನೈಡ್–ಫಾರ್ಮೊಟೆರಾಲ್ ಜೋಡಿಯೂ ಇದೆ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಆಸ್ತಮಾ, ಸಿಒಪಿಡಿಯೂ ಸೇರಿವೆ. ಕಾಗದದ ಮೇಲೆ ಕೊರತೆಯಿಲ್ಲ. ಆದರೆ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು ಬಿ.ಪಿ., ಶುಗರ್ ಕೇಳುವಷ್ಟು ಸಲೀಸಾಗಿ ‘ರಾತ್ರಿ ಎದ್ದು ಕೂರ್ತೀರಾ?’ ಎಂದು ಕೇಳುವುದಿಲ್ಲ. ಬಿ.ಪಿ. ಮಾತ್ರೆ ತಿಂಗಳು ತಿಂಗಳು ಕೊಡಬೇಕೆಂಬುದು ಎಲ್ಲರಿಗೂ ಗೊತ್ತು. ಇನ್‌ಹೇಲರ್ ಕೂಡ ಹಾಗೇ ಎಂಬುದು ಇನ್ನೂ ಊರಿಗೆ ತಲುಪಿಲ್ಲ.

ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ, ಅದಿಲ್ಲದಿದ್ದರೆ ನಮ್ಮ ಮುಂದಿನ ಬೇಸಿಗೆ ವರದಿಯಲ್ಲಿ, ಕೇಳಬೇಕಾದ್ದು ಇಷ್ಟು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವತ್ತು ಎಷ್ಟು ನೀಲಿ ಇನ್‌ಹೇಲರ್ ಇವೆ, ಸ್ಟಿರಾಯ್ಡ್ ಇನ್‌ಹೇಲರ್ ಎಷ್ಟು ಇವೆ, ಸ್ಪೇಸರ್ ಇದೆಯೇ? ಕಳೆದ ಏಪ್ರಿಲ್, ಮೇ ತಿಂಗಳಲ್ಲಿ ಉಸಿರಾಟದ ತೊಂದರೆಗೆ 108 ಎಷ್ಟು ಬಾರಿ ಈ ಪಂಚಾಯಿತಿಗೆ ಬಂತು? ಕಸ ಸುಡುವುದನ್ನು ನಿಲ್ಲಿಸಲು ಪಂಚಾಯಿತಿ ಏನು ಮಾಡಿದೆ? ಮಾಹಿತಿ ಹಕ್ಕಿನ ಅರ್ಜಿ ಹಾಕಲು ಹತ್ತು ರೂಪಾಯಿ ಸಾಕು. ಒಂದೊಂದು ತಾಲ್ಲೂಕಿನಿಂದ ನಮ್ಮಲ್ಲಿ ಒಬ್ಬೊಬ್ಬರು ಹಾಕಿದರೂ ಜಿಲ್ಲೆಯ ಚಿತ್ರ ಸಿಗುತ್ತದೆ.

ಎಳನೀರು ರಾಶಿಯ ಫೋಟೊ ಕಳಿಸಬೇಡಿ ಎಂದಲ್ಲ, ಅದು ನಮ್ಮ ಹೊಟ್ಟೆಪಾಡು. ಅದರ ಜೊತೆಗೆ ಈ ಮೂರು ಪ್ರಶ್ನೆಗಳ ಉತ್ತರವೂ ಹೋಗಲಿ. ಊರಿನಲ್ಲಿ ಯಾರಾದರೂ ‘ವಸಿ ಉಬ್ಸ’ ಅಂದರೆ, ಎಷ್ಟು ಅಂತ ಕೇಳಿ. ಊರು, ತಾಲ್ಲೂಕು, ಜಿಲ್ಲೆಯ ಹೆಸರನ್ನು ಅವರಿಂದಲೇ ಹೇಳಿಸಿ ನೋಡಿ.